ಓದುಗರ ಪ್ರಶ್ನೆ, ಬಳಗದ ಉತ್ತರ: ಜೈಲಿನಿಂದ ಬಂದ ಅಪ್ಪ, ಅಜ್ಜಿಮನೆಯಲ್ಲಿ ಬೆಳೆದ ಮಗ

ಈ ಸಲ ಬಂದ ಪತ್ರಗಳಲ್ಲಿ ಆರು ಒಂದೇ ವಿಷಯದ್ದು. ಹೆಸರು ತೆಗೆದು, ಉದ್ದ ಇಳಿಸಿ ಕೊಟ್ಟಿದ್ದೇವೆ. ಕೌಟುಂಬಿಕ ಮೊಕದ್ದಮೆ ನೋಡುವ ವಕೀಲರು ಮತ್ತು ಮಕ್ಕಳ ಆಪ್ತಸಮಾಲೋಚಕರು ಒಟ್ಟಿಗೆ ಕೂತು ಉತ್ತರ ಬರೆದಿದ್ದಾರೆ.

ಪ್ರಶ್ನೆ: ಎಂಟು ವರ್ಷ ಶಿಕ್ಷೆ ಮುಗಿಸಿ ಹೋದ ತಿಂಗಳು ಹೊರಬಂದೆ. ಒಳಗೆ ಹೋಗುವಾಗ ಮಗನಿಗೆ ಮೂರು ವರ್ಷ, ಈಗ ಹನ್ನೊಂದು. ಹೆಂಡತಿ ಕಾಯಿಲೆಯಿಂದ ತೀರಿಕೊಂಡಳು. ಹರಿಹರದ ಹತ್ತಿರದ ಹಳ್ಳಿಯಲ್ಲಿ ನನ್ನ ತಾಯಿ ಅವನನ್ನು ಸಾಕಿದ್ದಾರೆ. ಅವನು ನನ್ನನ್ನು ‘ನೀವು’ ಅಂತಾನೆ, ಹತ್ತಿರ ಕೂರಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ ಇದೆ, ರೂಮೂ ಕೊಡ್ತಾರೆ ಅಂತ ಗೆಳೆಯ ಹೇಳಿದ್ದಾನೆ. ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಒಳ್ಳೆ ಶಾಲೆಗೆ ಹಾಕಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಕೆಲಸದ ವಿಷಯ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯ 10ನೇ ಕಲಂ ಪ್ರಕಾರ, ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದವರನ್ನು ಸೆಕ್ಯೂರಿಟಿ ಗಾರ್ಡ್ ಆಗಿಯೋ ಸೂಪರ್‌ವೈಸರ್ ಆಗಿಯೋ ಇಟ್ಟುಕೊಳ್ಳುವಂತಿಲ್ಲ. ಶುರುವಿನಲ್ಲಿ ಯಾರೂ ಕೇಳದೆ ಸೇರಿಸಿಕೊಳ್ಳಬಹುದು. ಎರಡು ಮೂರು ತಿಂಗಳ ಮೇಲೆ ಪೊಲೀಸ್ ವೆರಿಫಿಕೇಶನ್ ಬಂದಾಗ ಕೆಲಸ ಹೋಗುತ್ತದೆ, ರೂಮೂ ಹೋಗುತ್ತದೆ, ಶಾಲೆಗೆ ಸೇರಿಸಿದ ಹುಡುಗ ನಡುವರ್ಷದಲ್ಲಿ ಬೀದಿಗೆ ಬರುತ್ತಾನೆ. ಒಂದು ವೇಳೆ ಹೋಗದಿದ್ದರೂ ಹನ್ನೆರಡು ಗಂಟೆಯ ಪಾಳಿ, ವಾರ ಬಿಟ್ಟು ವಾರ ರಾತ್ರಿ. ಹನ್ನೊಂದರ ಹುಡುಗ ಅಪರಿಚಿತ ಊರಿನ ಒಂದು ರೂಮಿನಲ್ಲಿ ಒಬ್ಬನೇ ಮಲಗಬೇಕು. ಇದನ್ನು ಬಿಡಿ. ಒಳಗಿದ್ದಾಗ ಬಡಗಿ ಕೆಲಸವೋ ಬೇಕರಿ ಕೆಲಸವೋ ನೇಯ್ಗೆಯೋ ಕಲಿತಿದ್ದರೆ ಅದರ ಪ್ರಮಾಣಪತ್ರ ಕಾರಾಗೃಹದ ಕಚೇರಿಯಿಂದ ಕೇಳಿ ತೆಗೆದುಕೊಳ್ಳಿ. ಬಿಡುಗಡೆ ಪ್ರಮಾಣಪತ್ರದ ಜೊತೆಗೆ, ನಿಮ್ಮ ಕೂಲಿ ಮತ್ತು ಪಿ.ಪಿ.ಸಿ. ಖಾತೆಯಲ್ಲಿ (ಜೈಲಿನಲ್ಲಿ ಕೈದಿಯ ಹೆಸರಿನಲ್ಲಿ ಇಡುವ ಸ್ವಂತ ಹಣ) ಉಳಿದ ಹಣದ ಲೆಕ್ಕವನ್ನೂ ಕೇಳಿ. ಎಷ್ಟೋ ಜನ ಹೊರಗೆ ಬರುವ ಸಡಗರದಲ್ಲಿ ಅದನ್ನು ಬಿಟ್ಟು ಬಂದಿರುತ್ತಾರೆ.

ಕೆಲಸ ಹರಿಹರ, ದಾವಣಗೆರೆ ಸುತ್ತಲೇ ಹುಡುಕಿ ಎಂಬುದು ನಮ್ಮ ಸ್ಪಷ್ಟ ಸಲಹೆ, ಸಂಬಳ ಬೆಂಗಳೂರಿಗಿಂತ ಕಡಿಮೆಯಾದರೂ. ಗಾರೆ, ಸೆಂಟ್ರಿಂಗ್, ಪೇಂಟಿಂಗ್, ವೈರಿಂಗ್ ಯಾವುದೇ ಕಟ್ಟಡ ಕೆಲಸವಾದರೂ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ದಾಖಲೆ ಇದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬಹುದು, ವಯಸ್ಸು 18ರಿಂದ 60. ಆ ಕಾರ್ಡಿನ ಮೇಲೆ ಮಗನ ಓದಿಗೆ ಸಹಾಯಧನ ಕೇಳಬಹುದು. ಮೇಸ್ತ್ರಿಯಿಂದ ಹಾಜರಿ ಬರೆಸಿಕೊಳ್ಳುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ, ತೊಂಬತ್ತನೇ ದಿನ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಇನ್ನು ಊರು ಬಿಡುವ ಮಾತು. ನಿಮ್ಮದು ಪೂರ್ತಿ ಅವಧಿ ಮುಗಿದ ಬಿಡುಗಡೆಯೋ, ಸರ್ಕಾರದ ಆದೇಶದ ಮೇಲೆ ಷರತ್ತಿನೊಂದಿಗೆ ಆದ ಅವಧಿಪೂರ್ವ ಬಿಡುಗಡೆಯೋ, ಆದೇಶವನ್ನು ಓದಿಸಿ ನೋಡಿ. ಠಾಣೆಗೆ ಹಾಜರಾಗಬೇಕು, ಹೇಳದೆ ವಾಸ ಬದಲಿಸಬಾರದು ಎಂಬಂಥ ಷರತ್ತಿದ್ದರೆ ಲಿಖಿತ ಅನುಮತಿ ಇಲ್ಲದೆ ಜಿಲ್ಲೆ ದಾಟಬೇಡಿ. ಷರತ್ತು ಮುರಿದರೆ ಶಿಕ್ಷೆಯ ವಿನಾಯಿತಿ ರದ್ದು ಮಾಡಿ ವಾರಂಟ್ ಇಲ್ಲದೆಯೂ ಬಂಧಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 473ನೇ ಕಲಂ ಅವಕಾಶ ಕೊಡುತ್ತದೆ. ಮಗ ಎರಡನೇ ಸಲ ಅದನ್ನು ನೋಡುವಂತಾದರೆ ನೀವು ಕಟ್ಟಿದ್ದೆಲ್ಲ ಹೋಯಿತು.

ಈಗ ಹುಡುಗ. ತಾಯಿ ಇಲ್ಲದ್ದರಿಂದ ಕಾನೂನಿನ ಪ್ರಕಾರ ನೀವೇ ಅವನ ಸಹಜ ಪೋಷಕರು, ಕೋರ್ಟಿಗೆ ಹೋಗಬೇಕಾಗಿಲ್ಲ. ಆದರೆ ಅವನ ಲೆಕ್ಕದಲ್ಲಿ ಅವನನ್ನು ಸಾಕಿದವರು ಅಜ್ಜಿ, ನೀವು ಮನೆಗೆ ಬಂದ ನೆಂಟರು. ‘ನೀವು’ ಅನ್ನುವುದು ಅವಮಾನ ಅಲ್ಲ, ಅವನಿಗೆ ಗೊತ್ತಿರುವ ಮರ್ಯಾದೆ ಅದು, ತಿದ್ದಬೇಡಿ. ‘ಅಪ್ಪಾ ಅನ್ನು’ ಎಂದು ಅಜ್ಜಿಯಿಂದ ಹೇಳಿಸಲೂ ಬೇಡಿ. ಕನಿಷ್ಠ ಆರು ತಿಂಗಳು ಅವನು ಇದ್ದ ಮನೆ, ಇದ್ದ ಶಾಲೆ, ಮಲಗುವ ಜಾಗ ಯಾವುದನ್ನೂ ಬದಲಿಸಬೇಡಿ. ಬದಲಿಸಲೇಬೇಕಾದರೆ ಏಪ್ರಿಲ್ ಮೇ ರಜೆಯಲ್ಲಿ, ಜೂನ್ ಹೊಸ ತರಗತಿಗೆ ಹೊಂದುವ ಹಾಗೆ. ಅದಕ್ಕೂ ಮುಂಚೆ ದಸರಾ ರಜೆಯಲ್ಲಿ ಎರಡು ಮೂರು ದಿನ ಹೊಸ ಜಾಗ ತೋರಿಸಿ ವಾಪಸು ತಂದು ಬಿಡಿ. ವಾಪಸು ಬರುತ್ತೇನೆ ಎಂಬ ಖಾತ್ರಿ ಇದ್ದರಷ್ಟೇ ಅವನು ಮುಂದಿನ ಸಲ ಮನಸ್ಸಿನಿಂದ ಹೊರಡುವುದು.

ಮೊದಲ ತಿಂಗಳಲ್ಲಿ ಅಪ್ಪಂದಿರು ಮಾಡುವುದು ಹೆಚ್ಚುಕಡಿಮೆ ಒಂದೇ: ಹೊಸ ಮೊಬೈಲು, ಹೊಸ ಬಟ್ಟೆ, ಹೋಟೆಲು. ಎರಡನೇ ತಿಂಗಳಲ್ಲಿ ಕೈಯಲ್ಲಿ ದುಡ್ಡಿಲ್ಲ, ಹುಡುಗ ಮಾತು ಕೇಳುತ್ತಿಲ್ಲ ಎಂದು ಗದರಿಕೆ. ಮಗನ ಕಣ್ಣಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಇದರ ಬದಲು ನಿಮ್ಮಿಂದ ತಪ್ಪದೆ ಆಗುವ ಎರಡು ಚಿಕ್ಕ ಕೆಲಸ ಹಿಡಿಯಿರಿ. ಒಂದು, ದಿನಾ ಬೆಳಿಗ್ಗೆ ಶಾಲೆಯ ಗೇಟಿನವರೆಗೆ ಜೊತೆಗೆ ನಡೆಯುವುದು. ಅವನು ಗೆಳೆಯರ ಜೊತೆ ಹೋಗುತ್ತೇನೆ ಅಂದರೆ ಬಸ್‌ಸ್ಟ್ಯಾಂಡ್ ತನಕ ಸಾಕು. ಇನ್ನೊಂದು, ತಿಂಗಳಿಗೆ ಒಂದೇ ತಾರೀಖಿಗೆ ಅಜ್ಜಿಯ ಕೈಗೆ ಅವನ ಖರ್ಚಿನ ದುಡ್ಡು ಕೊಡುವುದು, ಅವನ ಎದುರಿಗೇ. ಮೊತ್ತ ಸಾವಿರವಿದ್ದರೂ ಸರಿ, ತಾರೀಖು ಜಾರಬಾರದು. ಬಾರದವರಿಗಾಗಿ ವರ್ಷಗಟ್ಟಲೆ ಕಾದ ಮಗು ಇದು, ಹೇಳಿದ ಹೊತ್ತಿಗೆ ಬರುತ್ತೀರೋ ಇಲ್ಲವೋ ಎಂದು ಲೆಕ್ಕ ಇಡುತ್ತಿರುತ್ತದೆ.

ಎದುರುಬದುರು ಕೂರಿಸಿ ಮಾತಾಡಿಸಬೇಡಿ. ಈ ವಯಸ್ಸಿನ ಹುಡುಗರು ಕೈಗೆ ಕೆಲಸ ಇದ್ದಾಗ ಬಾಯಿ ಬಿಡುತ್ತಾರೆ. ಸೈಕಲ್ ಟ್ಯೂಬಿಗೆ ಪ್ಯಾಚ್ ಹಾಕುವುದು, ರೇಷನ್ ಅಂಗಡಿಯ ಸಾಲು, ಕಟಿಂಗ್ ಶಾಪು, ಎಮ್ಮೆ ತೊಳೆಯುವುದು, ಇಂಥವು ಸಾಕು. ‘ಚೆನ್ನಾಗಿ ಓದ್ತಿದೀಯಾ?’ ಎಂಬ ಪ್ರಶ್ನೆಗೆ ‘ಹೂಂ’ ಬಿಟ್ಟರೆ ಬೇರೆ ಉತ್ತರ ಇಲ್ಲ. ‘ಆಟದ ಪೀರಿಯಡ್‌ನಲ್ಲಿ ಕೊಕ್ಕೋನಾ ಕಬಡ್ಡಿನಾ?’ ಎಂದು ಕೇಳಿ.

ಮೂರು ನಾಲ್ಕು ತಿಂಗಳ ಹೊತ್ತಿಗೆ ಅವನು ಎದುರು ಮಾತಾಡುತ್ತಾನೆ. ‘ನೀವ್ಯಾರು ನಂಗೆ ಹೇಳೋಕೆ?’ ಅನ್ನುತ್ತಾನೆ, ಬೇಕೆಂದೇ ತಡವಾಗಿ ಮನೆಗೆ ಬರುತ್ತಾನೆ. ಹುಡುಗ ಕೆಟ್ಟ ಎಂದು ಅಪ್ಪಂದಿರು ಕೈ ಎತ್ತುವುದು ಇಲ್ಲೇ. ನಿಜಕ್ಕೂ ನೆಂಟನಂತಿದ್ದವನು ಈಗ ನಿಮ್ಮನ್ನು ಮನೆಯವರು ಎಂದು ಪರೀಕ್ಷೆ ಮಾಡುತ್ತಿದ್ದಾನೆ: ಜಗಳವಾಡಿದರೆ ಇವರು ಮತ್ತೆ ಹೋಗ್ತಾರಾ? ಆಗ ಹೇಳಬೇಕಾದ್ದು ಇಷ್ಟು: ‘ಏಳು ಗಂಟೆಗೆ ಮನೇಲಿರಬೇಕು ಅಂತ ಅಜ್ಜಿ ಹೇಳಿದ್ದಾರೆ. ನಾನೂ ಅದನ್ನೇ ಹೇಳ್ತೀನಿ. ನಿಂಗೆ ಸಿಟ್ಟು ಬಂದಿದೆ ಅಂತ ಗೊತ್ತು. ನಾನು ಎಲ್ಲೂ ಹೋಗಲ್ಲ, ಊಟಕ್ಕೆ ಬಾ.’ ಮೊದಲ ಆರು ತಿಂಗಳು ಹೊಸ ನಿಯಮ ನಿಮ್ಮಿಂದ ಬೇಡ, ಅಜ್ಜಿಯ ನಿಯಮಕ್ಕೆ ನೀವು ಬೆಂಬಲ ಅಷ್ಟೆ. ಅಜ್ಜಿ ಮುದ್ದು ಮಾಡಿ ಕೆಡಿಸಿದ್ದಾರೆ ಅನ್ನಿಸಿದರೂ ಅವನ ಎದುರು ಹೇಳಬೇಡಿ. ಅವರು ಎಂಟು ವರ್ಷ ಸಾಕಿದ್ದಾರೆ.

ಕಾಗದಪತ್ರ. ನಿಮ್ಮ ಆಧಾರ್‌ಗೆ ಸೇರಿದ್ದ ಹಳೆಯ ಮೊಬೈಲ್ ನಂಬರು ಸತ್ತಿರುತ್ತದೆ. ಆಧಾರ್ ಕೇಂದ್ರಕ್ಕೆ ಖುದ್ದು ಹೋಗಿ ಹೊಸದು ಸೇರಿಸುವ ತನಕ ಬೇರೆ ಯಾವ ಅರ್ಜಿಯೂ ಮುಂದೆ ಹೋಗದು, ಅದು ಮೊದಲ ಕೆಲಸ. ಎರಡು ವರ್ಷ ವಹಿವಾಟಿಲ್ಲದ ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿರುತ್ತದೆ, ಕೆ.ವೈ.ಸಿ. ಕೊಟ್ಟರೆ ಶುಲ್ಕವಿಲ್ಲದೆ ತೆರೆಯುತ್ತಾರೆ, ಹೊಸ ಖಾತೆ ಬೇಕಾಗಿಲ್ಲ. ಐದು ವರ್ಷ ತುಂಬುವ ಮೊದಲು ಮಗನ ಆಧಾರ್ ಮಾಡಿಸಿದ್ದರೆ ಅದರಲ್ಲಿ ಬೆರಳಚ್ಚು ಇರುವುದಿಲ್ಲ. ಐದು ತುಂಬಿದ ಮೇಲೆ ಒಮ್ಮೆ, ಹದಿನೈದಕ್ಕೆ ಇನ್ನೊಮ್ಮೆ ಬಯೋಮೆಟ್ರಿಕ್ ಕೊಡಬೇಕು. ಅಜ್ಜಿಯರು ಸಾಕಿದ ಮಕ್ಕಳಲ್ಲಿ ಇದು ಬಹಳ ಸಲ ಬಾಕಿ ಉಳಿದಿರುತ್ತದೆ, ಎಸ್.ಎಸ್.ಪಿ. (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಮೂಲಕ ಬರುವ ವಿದ್ಯಾರ್ಥಿವೇತನ ಅಲ್ಲೇ ನಿಲ್ಲುತ್ತದೆ. ಜಾತಿ, ಆದಾಯ ಪತ್ರ ನಾಡಕಚೇರಿಯಲ್ಲಿ. ಅಜ್ಜಿಯ ರೇಷನ್ ಕಾರ್ಡಿನಿಂದ ಮಗನ ಹೆಸರನ್ನು ಸದ್ಯ ಕದಲಿಸಬೇಡಿ.

ಪ್ರಶ್ನೆ: ನನ್ನ ಮಗ ಜೈಲಿನಲ್ಲಿದ್ದಾಗ ಮೊಮ್ಮಗನಿಗೆ ‘ನಿಮ್ಮಪ್ಪ ದುಬೈನಾಗ ಅದಾನ’ ಅಂತ ಹೇಳ್ಕೊಂತ ಬಂದೆ. ಈಗ ಅವನಿಗೆ ಏಳು ವರ್ಷ. ಅಪ್ಪ ಬಂದು ಹದಿನೈದು ದಿನ ಆತು. ‘ದುಬೈದಾಗ ಏನೇನು ಐತಿ’ ಅಂತ ಕೇಳ್ತಾನ. ಹಂಗ ಬಿಡೋದೋ, ಹೇಳೋದೋ?

ಉತ್ತರ: ಹೇಳಬೇಕು ಅಮ್ಮಾ, ಬೇಗ ಹೇಳಬೇಕು. ಊರಿಗೆಲ್ಲ ಗೊತ್ತಿರುವ ಸಂಗತಿ ಇದು. ಬಾವಿಕಟ್ಟೆಯಲ್ಲೋ ಶಾಲೆಯ ಜಗಳದಲ್ಲೋ ಇನ್ನೊಬ್ಬರ ಬಾಯಿಂದ ಅವನ ಕಿವಿಗೆ ಬಿದ್ದರೆ ಅಪ್ಪನ ಮೇಲಿನ ನಂಬಿಕೆಯ ಜೊತೆ ನಿಮ್ಮ ಮೇಲಿನದೂ ಹೋಗುತ್ತದೆ. ಸದ್ಯಕ್ಕೆ ಅವನಿಗೆ ನೀವೊಬ್ಬರೇ ಆಸರೆ.

ಹೇಳುವುದು ಅಪ್ಪ, ಪಕ್ಕದಲ್ಲಿ ಕೂರುವುದು ನೀವು. ಹಗಲು ಹೊತ್ತು, ರಜೆಯ ದಿನ. ಮಲಗುವ ಮುಂಚೆ ಬೇಡ, ಶಾಲೆಗೆ ಹೊರಟಾಗ ಬೇಡ, ನೆಂಟರು ಬಂದಾಗ ಬೇಡ. ಐದು ನಿಮಿಷ ಸಾಕು. ಮೊದಲು ನೀವು: ‘ದುಬೈ ಅಂತ ಹೇಳಿದ್ದು ಖರೆ ಅಲ್ಲ. ನಿನಗ ಬ್ಯಾಸರ ಆಗತೈತಿ ಅಂತ ಹಂಗ ಹೇಳಿದ್ದೆ.’ ಆಮೇಲೆ ಅಪ್ಪ: ‘ನಾನು ಜೈಲಿನಾಗ ಇದ್ದೆ. ದೊಡ್ಡವರು ದೊಡ್ಡ ತಪ್ಪು ಮಾಡಿದ್ರ ಅಲ್ಲಿಗೆ ಕಳಸ್ತಾರ. ನಾನು ತಪ್ಪು ಮಾಡಿದ್ದೆ. ನೀನು ಏನೂ ಮಾಡಿದ್ದಕ್ಕಲ್ಲ. ಅಲ್ಲಿ ದಿನಾ ನಿನ್ನ ನೆನಪು ಬರ್ತಿತ್ತು.’ ‘ನೀನು ಏನೂ ಮಾಡಿದ್ದಕ್ಕಲ್ಲ’ ಎಂಬುದನ್ನು ಬಿಡಲೇಬಾರದು. ತಾನು ಹಟ ಮಾಡಿದ್ದಕ್ಕೆ, ಅತ್ತದ್ದಕ್ಕೆ ಅಪ್ಪ ಹೋದ ಎಂದು ಈ ವಯಸ್ಸಿನ ಮಕ್ಕಳು ಒಳಗೊಳಗೇ ನಂಬಿರುತ್ತಾರೆ, ಕೇಳಿದರೆ ಹೇಳುವುದಿಲ್ಲ. ಮೇಲಿನ ಕೋರ್ಟಿನಲ್ಲಿ ಅಪೀಲು ಬಾಕಿ ಇದ್ದರೆ ‘ಇನ್ನ ಎಂದೂ ಹೋಗಂಗಿಲ್ಲ’ ಎಂಬ ಮಾತು ಕೊಡಬೇಡಿ.

ಹುಡುಗ ಏನೂ ಅನ್ನದೆ ಆಡಲು ಓಡಬಹುದು. ಅರ್ಥವಾಗಿಲ್ಲ ಅಂತಲ್ಲ. ಎರಡು ಮೂರು ದಿನ ಬಿಟ್ಟು, ಊಟ ಮಾಡುತ್ತಲೋ ಸ್ನಾನ ಮಾಡುತ್ತಲೋ ಪ್ರಶ್ನೆ ಬರುತ್ತದೆ: ‘ಅಲ್ಲಿ ಊಟ ಕೊಡ್ತಿದ್ರಾ?’, ‘ಪೊಲೀಸರು ಹೊಡೀತಿದ್ರಾ?’. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಹತ್ತು ವರ್ಷ ದಾಟಿದ ಮೇಲೆ ಅಪರಾಧ ಯಾವುದು ಎಂಬುದನ್ನೂ, ವಿವರ ಬಿಟ್ಟು, ಅಪ್ಪನೇ ಹೇಳಬೇಕು. ತೀರ್ಪುಗಳನ್ನೂ ಹಳೆಯ ಸುದ್ದಿಯನ್ನೂ ಮೊಬೈಲಿನಲ್ಲಿ ಹುಡುಕುವುದು ಈಗಿನ ಹುಡುಗರಿಗೆ ಕಷ್ಟವೇನಲ್ಲ.

ಹೊರಗಿನವರು ಕೇಳಿದರೆ ಹೇಳಲು ಅವನಿಗೆ ಒಂದು ಮಾತು ಕಲಿಸಿಕೊಡಿ: ‘ಅದು ನಮ್ಮ ಮನಿ ವಿಷಯ.’ ‘ಯಾರಿಗೂ ಹೇಳಬ್ಯಾಡ’ ಎಂದು ಹೆದರಿಸಿದರೆ ಅದೇ ಅವನಿಗೆ ಭಾರ. ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಶಾಲೆಯ ದಿನ ಮಾತ್ರ ಹೊಟ್ಟೆನೋವು, ಇವು ಒಂದೆರಡು ವಾರ ಇರಬಹುದು. ಮೂರು ವಾರ ದಾಟಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ.

ಪ್ರಶ್ನೆ: ಮೂರನೇ ತರಗತಿಯ ಮಗನ ಪಾಲಕರ ಸಭೆಗೆ ನಾನು ಹೋದೆ. ಯಾರೋ ಗುರುತು ಹಿಡಿದರು. ಮರುವಾರ ಶಾಲೆಯವರು ‘ಬೇರೆ ಪೇರೆಂಟ್ಸ್ ತಕರಾರು ಮಾಡ್ತಿದ್ದಾರೆ, ಟಿ.ಸಿ. ತಗೊಂಡು ಹೋಗಿ, ಮರ್ಯಾದೆಯಾಗಿ ಮುಗಿಸೋಣ’ ಅಂತಿದ್ದಾರೆ. ಖಾಸಗಿ ಶಾಲೆ.

ಉತ್ತರ: ಟಿ.ಸಿ.ಗೆ ಅರ್ಜಿ ಬರೆದುಕೊಡಬೇಡಿ. ಶಾಲೆಯವರು ಕೇಳುತ್ತಿರುವುದೇ ನಿಮ್ಮ ಆ ಸಹಿಗಾಗಿ. ‘ಪಾಲಕರ ಕೋರಿಕೆಯ ಮೇರೆಗೆ’ ಎಂದು ಟಿ.ಸಿ.ಯಲ್ಲಿ ಬರೆದು, ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ ತಂತ್ರಾಂಶವಾದ ಎಸ್.ಎ.ಟಿ.ಎಸ್.ನಲ್ಲಿ ಹೆಸರು ವರ್ಗಾಯಿಸಿದರೆ, ಹೊರಹಾಕಿದ್ದಕ್ಕೆ ಆಮೇಲೆ ಯಾವ ಪುರಾವೆಯೂ ಇರದು. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಕಲಂ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅಪ್ಪನ ವಿಷಯ ಎತ್ತಿ ತರಗತಿಯಲ್ಲಿ ಹಂಗಿಸುವುದು ಅದರಲ್ಲಿ ಬರುತ್ತದೆ.

ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ ಬರೆಯಿರಿ: ಯಾವ ದಿನ, ಯಾರು, ಏನು ಹೇಳಿದರು, ಮಗ ಇದೇ ಶಾಲೆಯಲ್ಲಿ ಮುಂದುವರಿಯುತ್ತಾನೆ. ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ, ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಫೀಸು ಬಾಕಿ ಇಟ್ಟುಕೊಳ್ಳಬೇಡಿ. ವಾದ ಆ ಕಡೆ ತಿರುಗಿದರೆ ನಿಮ್ಮ ಕೈ ಸೋಲುತ್ತದೆ. ಒಂದು ವಾರದಲ್ಲಿ ಉತ್ತರ ಬರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಂದಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಮಗುವನ್ನು ತರಗತಿಯಿಂದ ಹೊರಗೆ ನಿಲ್ಲಿಸಿದರೆ ಅದೇ ದಿನ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಒಬ್ಬ ಶಿಕ್ಷಕರನ್ನು, ಸಾಮಾನ್ಯವಾಗಿ ಕ್ಲಾಸ್ ಟೀಚರನ್ನು, ಬೇರೆಯಾಗಿ ಕಂಡು ನೀವೇ ವಿಷಯ ಹೇಳಿ. ಪೂರ್ತಿ ಕತೆ ಬೇಡ. ‘ಶಿಕ್ಷೆ ಮುಗಿಸಿ ಬಂದಿದ್ದೇನೆ. ಯಾರಾದರೂ ಇವನನ್ನು ಆಡಿಕೊಂಡರೆ ನನಗೆ ತಿಳಿಸಿ’ ಎಂದರೆ ಆಯಿತು. ಪಾಲಕರ ಸಭೆಗೆ ಹೋಗುವುದನ್ನು ನಿಲ್ಲಿಸಬೇಡಿ. ಎರಡು ಮೂರು ಸಭೆಗೆ ಬಂದು, ಸುಮ್ಮನೆ ಕೂತು, ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿ ಹೋಗುವ ಅಪ್ಪನ ಬಗ್ಗೆ ಜನ ಎಷ್ಟು ದಿನ ಮಾತಾಡಿಯಾರು? ಕಷ್ಟ ಮೊದಲ ಸಭೆಯದ್ದು, ಅದನ್ನು ನೀವು ದಾಟಿಯಾಗಿದೆ.

ಪ್ರಶ್ನೆ: ಹೆಂಡತಿಯ ಸಾವಿನ ಪ್ರಕರಣದಲ್ಲಿ ನಾಲ್ಕು ವರ್ಷ ವಿಚಾರಣಾಧೀನ ಕೈದಿಯಾಗಿದ್ದು, ಈಗ ಖುಲಾಸೆಯಾಗಿದ್ದೇನೆ. ಎಂಟು ವರ್ಷದ ಮಗ ಹಾಸನದಲ್ಲಿ ಅತ್ತೆ-ಮಾವನ ಹತ್ತಿರ ಇದ್ದಾನೆ, ಮುಖ ತೋರಿಸುತ್ತಿಲ್ಲ. ಅಪ್ಪ ನಾನು, ಹೋಗಿ ಕರೆದುಕೊಂಡು ಬಂದರೆ ತಪ್ಪೇನು?

ಉತ್ತರ: ಹಾಗೆ ಮಾಡಬೇಡಿ. ನಾಲ್ಕು ಜನರನ್ನು ಕಟ್ಟಿಕೊಂಡು ಅವರ ಮನೆಗೋ ಶಾಲೆಯ ಗೇಟಿಗೋ ಹೋದರೆ ಎರಡು ಗಂಟೆಯಲ್ಲಿ ಠಾಣೆಯಲ್ಲಿರುತ್ತೀರಿ, ಮತ್ತು ಆ ದೃಶ್ಯ ನಾಳೆ ನ್ಯಾಯಾಧೀಶರ ಎದುರು ನಿಮ್ಮ ವಿರುದ್ಧದ ಮೊದಲ ಸಾಕ್ಷಿ.

ಖುಲಾಸೆಯಾದ ಮಾತ್ರಕ್ಕೆ ಮಗ ತಾನಾಗಿ ನಿಮ್ಮ ಕೈಗೆ ಬರುವುದಿಲ್ಲ. ತಂದೆ ಸಹಜ ಪೋಷಕ ಎಂಬುದು ಒಂದು ಕಡೆ, ಮಗುವಿನ ಹಿತವೇ ಮುಖ್ಯ ಎಂಬುದು ಇನ್ನೊಂದು ಕಡೆ. ಎರಡಕ್ಕೂ ತಿಕ್ಕಾಟವಾದರೆ ಕೋರ್ಟು ಹಿತದ ಕಡೆ ನಿಲ್ಲುತ್ತದೆ. 1992ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಪ್ರಕರಣವೊಂದರಲ್ಲಿ ತಾಯಿ ಅಸಹಜವಾಗಿ ತೀರಿಕೊಂಡಿದ್ದರು, ತಂದೆಯ ಮೇಲೆ 498ಎ, ಅಂದರೆ ಹೆಂಡತಿಗೆ ಕಿರುಕುಳ ಕೊಟ್ಟ ಆರೋಪವಿತ್ತು. ನ್ಯಾಯಮೂರ್ತಿಗಳು ಮಕ್ಕಳನ್ನು ಮಾತಾಡಿಸಿ, ಅವರ ಇಚ್ಛೆಯಂತೆ ಸೋದರಮಾವನ ಹತ್ತಿರವೇ ಬಿಟ್ಟರು. ನಿಮಗೆ ಖುಲಾಸೆ ಇದೆ, ಸ್ಥಿತಿ ಅದಕ್ಕಿಂತ ಮೇಲು. ಆದರೂ ಎಂಟರ ಹುಡುಗನನ್ನು ನ್ಯಾಯಾಧೀಶರು ಚೇಂಬರಿಗೆ ಕರೆದು ಮಾತಾಡಿಸುವುದು ಬಹುಮಟ್ಟಿಗೆ ಖಚಿತ.

ದಾರಿ ಇದು. ಖುಲಾಸೆ ತೀರ್ಪಿನ ದೃಢೀಕೃತ ಪ್ರತಿ ತೆಗೆಸಿ. ಸರ್ಕಾರವೋ ಹೆಂಡತಿಯ ಮನೆಯವರೋ ಮೇಲ್ಮನವಿ ಹಾಕಿದ್ದಾರೆಯೇ ನೋಡಿ. ಹಾಕಿದ್ದರೆ ಮುಚ್ಚಿಡದೆ ಅರ್ಜಿಯಲ್ಲೇ ಬರೆಯಿರಿ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ 25ನೇ ಕಲಂ ಅಡಿ ಅರ್ಜಿ, ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿನಲ್ಲಿ ಹಾಕಬೇಕು, ನಿಮ್ಮ ಊರಿನಲ್ಲಿ ಅಲ್ಲ. ಎಂದರೆ ಹಾಸನದಲ್ಲಿ. ಅದರ ಜೊತೆಗೇ 12ನೇ ಕಲಂ ಅಡಿ ಭೇಟಿಗೆ ಮಧ್ಯಂತರ ಆದೇಶ ಕೇಳಿ. ಪೂರ್ತಿ ಸುಪರ್ದಿಯನ್ನೇ ಮೊದಲ ದಿನದಿಂದ ಹಟ ಹಿಡಿದವರ ಅರ್ಜಿ ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ಹುಡುಗ ಮುಖವನ್ನೇ ಮರೆಯುತ್ತಾನೆ. ತಿಂಗಳಿಗೆ ಎರಡು ಶನಿವಾರ, ಎರಡೆರಡು ಗಂಟೆ, ಕೋರ್ಟಿನ ಆವರಣದಲ್ಲೋ ಮಧ್ಯಸ್ಥಿಕೆ ಕೇಂದ್ರದಲ್ಲೋ ಎಂದು ಕೇಳಿದರೆ ಸಿಗುವ ಸಂಭವ ಹೆಚ್ಚು. ಮೂರು ತಿಂಗಳು ತಪ್ಪದೆ ಹೋದ ಮೇಲೆ ಅರ್ಧ ದಿನ, ಆಮೇಲೆ ರಜೆಯ ದಿನಗಳು. ಒಂದು ಶನಿವಾರ ತಪ್ಪಿಸಿದರೂ ಎದುರು ವಕೀಲರು ಅದನ್ನು ಗುರುತು ಹಾಕಿಕೊಂಡಿರುತ್ತಾರೆ. ಆದೇಶವಿಲ್ಲದಿದ್ದರೂ ಈ ತಿಂಗಳಿಂದಲೇ ಮಗನ ಖರ್ಚಿಗೆ ಬ್ಯಾಂಕ್ ಮೂಲಕ ಹಣ ಕಳಿಸಿ. ಮನಿಯಾರ್ಡರ್ ಆದರೂ ಸರಿ, ವಾಪಸು ಬಂದರೆ ಆ ರಸೀದಿಯೇ ದಾಖಲೆ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಸಹಾಯವಾಣಿ 15100. ಒಳಗಿದ್ದಾಗ ಕೈದಿ ಎಂಬ ಕಾರಣಕ್ಕೇ ಉಚಿತ ವಕೀಲರು ಸಿಗುತ್ತಿದ್ದರು, ಹೊರಬಂದ ಮೇಲೆ ಆ ಕಾರಣ ಇಲ್ಲ. ಈಗ ಆದಾಯ ಮಿತಿ, ಪರಿಶಿಷ್ಟ ಜಾತಿ ಅಥವಾ ಪಂಗಡ, ಅಂಗವೈಕಲ್ಯ, ಕಾರ್ಖಾನೆ ಕಾರ್ಮಿಕ ಇವುಗಳಲ್ಲಿ ಒಂದನ್ನು ತೋರಿಸಬೇಕು.

ಭೇಟಿಯಲ್ಲಿ ಏನು ಮಾತಾಡುವುದು? ಅವನ ಕಿವಿಗೆ ಏನು ಬಿದ್ದಿದೆ ಎಂದು ನಿಮಗೆ ಗೊತ್ತು. ತೀರ್ಪು ಓದಿ ಹೇಳಬೇಡಿ, ‘ನಿಮ್ಮ ಅಜ್ಜ ಸುಳ್ಳು ಹೇಳ್ತಾರೆ’ ಅನ್ನಬೇಡಿ. ಆ ಅಜ್ಜ-ಅಜ್ಜಿ ಮಗಳನ್ನು ಕಳೆದುಕೊಂಡವರು, ಅವನಿಗೆ ನಾಲ್ಕು ವರ್ಷ ಅನ್ನ ಹಾಕಿದವರು. ‘ಕೋರ್ಟು ನನ್ನನ್ನು ಬಿಟ್ಟಿದೆ. ನಿನಗೆ ಏನು ಕೇಳಬೇಕು ಅನ್ನಿಸಿದರೂ, ಯಾವಾಗ ಅನ್ನಿಸಿದರೂ ಕೇಳು. ಅಮ್ಮನ ಬಗ್ಗೆಯೂ ಕೇಳು’ ಎಂದು ಒಂದು ಸಲ ಹೇಳಿ ಬಿಟ್ಟುಬಿಡಿ. ಆಮೇಲೆ ಚೌಕಾಬಾರ ತೆಗೆಯಿರಿ, ಕೇರಂ ತೆಗೆಯಿರಿ. ಎರಡು ಗಂಟೆಯ ಮೌನ ತುಂಬಲು ಮಾತಿಗಿಂತ ಆಟ ಒಳ್ಳೆಯದು.

ಪ್ರಶ್ನೆ: ನನ್ನ ಮೇಲೆ ರೌಡಿ ಶೀಟ್ ಇದೆ, ಎರಡು ಸಲ ಒಳಗೆ ಹೋಗಿ ಬಂದವನು. ಈಗ ಎಲ್ಲ ಬಿಟ್ಟು ತರಕಾರಿ ಗಾಡಿ ಇಟ್ಟಿದ್ದೇನೆ. ಹದಿನೈದು ವರ್ಷದ ಮಗ ‘ನಮ್ಮಪ್ಪ ಯಾರು ಗೊತ್ತಾ’ ಅಂತ ಹುಡುಗರನ್ನು ಹೆದರಿಸುತ್ತಾನಂತೆ. ಹೊಡೆದೆ. ಇನ್ನೂ ಜಾಸ್ತಿ ಮಾಡಿದ್ದಾನೆ.

ಉತ್ತರ: ಹೊಡೆದು ನೀವು ಅವನಿಗೆ ಕಲಿಸಿದ್ದು, ಬಲ ಇದ್ದವನು ಗೆಲ್ಲುತ್ತಾನೆ ಎಂಬ ಅದೇ ಪಾಠವನ್ನು. ಅವನ ಹತ್ತಿರ ಹೆಮ್ಮೆಪಡಲು ಬೇರೇನೂ ಇಲ್ಲದಿದ್ದರಿಂದ ನಿಮ್ಮ ಹಳೆಯ ಹೆಸರನ್ನು ಬಳಸುತ್ತಿದ್ದಾನೆ. ಬೀದಿಯಲ್ಲಿ ಅವನಿಗೆ ಅದರಿಂದ ರಕ್ಷಣೆಯೂ ಸಿಗುತ್ತಿರಬಹುದು, ಅದನ್ನು ಕೇಳಿ ತಿಳಿದುಕೊಳ್ಳಿ: ಅವನನ್ನು ಯಾರಾದರೂ ಕೆಣಕುತ್ತಿದ್ದಾರಾ?

ಹಳೆಯ ಗೆಳೆಯರು ಮನೆಗೆ ಬರುವುದನ್ನು ನಿಲ್ಲಿಸಿ. ಬೈಕಿನಲ್ಲಿ ಬಂದು ‘ಅಣ್ಣಾ’ ಎಂದು ಕೈಮುಗಿಯುವವರು ಮಗನ ಎದುರು ನಿಮ್ಮನ್ನು ಏನು ಮಾಡುತ್ತಾರೆ ಎಂದು ಯೋಚಿಸಿ. ಜೈಲಿನ ರೋಚಕ ಕತೆ ಮನೆಯಲ್ಲಿ ಬೇಡ, ಅದರ ಬೇಸರವನ್ನು ಹೇಳಿ: ಸಂಜೆಗೇ ಬೀಗ, ಕಕ್ಕಸಿಗೆ ಸಾಲು, ದಿನಾ ತಲೆ ಎಣಿಸುವುದು, ಮಗನ ಹುಟ್ಟುಹಬ್ಬ ಯಾವುದೆಂದು ಗೋಡೆಯ ಮೇಲೆ ಲೆಕ್ಕ ಹಾಕುವುದು. ರೀಲ್ಸಿನಲ್ಲಿ ಬರದ ಭಾಗ ಅದೇ.

ಗಣೇಶ ಹಬ್ಬ, ಚುನಾವಣೆ ಬಂದಾಗ ಮುಚ್ಚಳಿಕೆಗೆ ಕರೆ ಬರುತ್ತದೆ. ಕರೆ ಬಂದ ದಿನವೇ ನೀವಾಗಿ ಠಾಣೆಗೆ ಹೋಗಿ, ಆಧಾರ್ ಪ್ರತಿ, ಫೋಟೋ, ಜಾಮೀನುದಾರರನ್ನು ಜೊತೆಗಿಟ್ಟುಕೊಂಡು. ಹೋಗದೆ ಕೂತರೆ ಪೊಲೀಸರು ಮನೆಗೆ ಬರುತ್ತಾರೆ, ಮಗ ನೋಡುತ್ತಾನೆ, ಬೀದಿಯೂ ನೋಡುತ್ತದೆ. ಹಲವು ವರ್ಷ ಯಾವ ಪ್ರಕರಣವೂ ಇಲ್ಲದಿದ್ದರೆ ಶೀಟ್ ಮುಚ್ಚಲು ಠಾಣೆಯ ಮೂಲಕ ಮೇಲಧಿಕಾರಿಗೆ ಲಿಖಿತ ಅರ್ಜಿ ಕೊಡಿ, ವ್ಯಾಪಾರದ ಗುರುತಿನ ಚೀಟಿ ಲಗತ್ತಿಸಿ. ನಿರಾಕರಿಸಿದರೆ ಹೈಕೋರ್ಟಿಗೆ ಹೋಗಬಹುದು.

ಮಗನನ್ನು ಶನಿವಾರ ಮುಂಜಾನೆ ಎ.ಪಿ.ಎಂ.ಸಿ.ಗೆ ಕರೆದುಕೊಂಡು ಹೋಗಿ. ಹರಾಜು, ತೂಕ, ಲೆಕ್ಕ ಅವನ ಕೈಗೆ ಕೊಡಿ; ಲಾಭದಲ್ಲಿ ಒಂದು ಪಾಲು ಅವನ ಖಾತೆಗೆ. ಓದಿಗೆ ಅಡ್ಡಿಯಾಗದಂತೆ ವಾರಕ್ಕೆ ಒಂದೇ ದಿನ. ಹೊಡೆದಾಟದಲ್ಲಿ ಅವನೇ ಸಿಕ್ಕಿಬಿದ್ದರೆ ಗೊತ್ತಿರಲಿ: 18 ತುಂಬದವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಎದುರು ಹಾಜರುಪಡಿಸಬೇಕು. ವಯಸ್ಸಿಗೆ ಪುರಾವೆಯಾಗಿ ಶಾಲೆಯ ಪತ್ರ ಕೈಗೆ ಸಿಗುವ ಹಾಗಿಟ್ಟುಕೊಳ್ಳಿ. ಠಾಣೆಯಲ್ಲಿ ನೀವು ಕೂಗಾಡಿದರೆ ನಿಮ್ಮ ಹಳೆಯ ಫೈಲು ತೆರೆಯುತ್ತದೆ. ಅವನ ಅಮ್ಮನನ್ನು ಅಥವಾ ವಕೀಲರನ್ನು ಮುಂದೆ ಬಿಡಿ.

ಪ್ರಶ್ನೆ: ಯಜಮಾನರು ಬಂದು ಎರಡು ತಿಂಗಳಾಯಿತು. ಲೈಟ್ ಆರಿಸಿದರೆ ನಿದ್ದೆ ಬರಲ್ಲ, ಹಿಂದೆ ಯಾರಾದರೂ ನಿಂತರೆ ಕಿರುಚುತ್ತಾರೆ. ಆರು ವರ್ಷದ ಮಗ ಹೆದರಿ ಅವರಿರುವ ಕೋಣೆಗೇ ಹೋಗಲ್ಲ. ಇನ್ನೊಂದು: ಇವರ ಶಿಕ್ಷೆಯಿಂದ ಮಗನಿಗೆ ಮುಂದೆ ಸರ್ಕಾರಿ ಕೆಲಸ, ಪಾಸ್‌ಪೋರ್ಟ್ ಸಿಗಲ್ವಾ?

ಉತ್ತರ: ರಾತ್ರಿಯೆಲ್ಲ ಲೈಟ್ ಉರಿಯುವ, ಬೆನ್ನು ಕಾಯ್ದುಕೊಳ್ಳಬೇಕಾದ ಜಾಗದಲ್ಲಿ ವರ್ಷಗಟ್ಟಲೆ ಇದ್ದ ದೇಹ ಇನ್ನೂ ಅಲ್ಲಿಯದೇ ಅಭ್ಯಾಸದಲ್ಲಿದೆ. ಜೀರೋ ಬಲ್ಬ್ ಉರಿಯಲಿ. ಅವರು ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಕಡೆ ಕೂರಲಿ. ಹಿಂದಿನಿಂದ ಹೋಗಿ ಮುಟ್ಟದೆ, ದೂರದಿಂದಲೇ ‘ಅಪ್ಪಾ’ ಎಂದು ಕರೆದು ಹತ್ತಿರ ಹೋಗುವುದನ್ನು ಮಗನಿಗೆ ಆಟದಂತೆ ಕಲಿಸಿ. ಕಿರುಚಿದ ಮೇಲೆ ಅಪ್ಪನೇ ಬಂದು ‘ನಿನ್ನ ಮೇಲೆ ಸಿಟ್ಟಲ್ಲ, ನಾನು ಬೆಚ್ಚಿದೆ’ ಎಂದು ಹೇಳಬೇಕು, ಪ್ರತಿ ಸಲವೂ. ಸಂಜೆಯ ಕಾಫಿ ನಿಲ್ಲಿಸಿ. ನಿದ್ದೆಗೆಂದು ಕುಡಿತ ಶುರುವಾಗುವುದು ಇದೇ ಹೊತ್ತಿನಲ್ಲಿ, ಕಣ್ಣಿಡಿ. ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್‌ಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಅಲ್ಲಿಗೆ ಹೋಗಲು ನಾಚಿಕೆಪಟ್ಟರೆ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿಸಿ, ಕನ್ನಡದಲ್ಲೇ ಮಾತಾಡುತ್ತಾರೆ. ಕೈ ಮಾಡುವ ಮಟ್ಟಕ್ಕೆ ಹೋದರೆ ಕಾಯಬೇಡಿ, ನೀವೂ ಮಗನೂ ತವರಿಗೆ ಹೋಗಿ ಇರಿ.

ಎರಡನೆಯದಕ್ಕೆ ಉತ್ತರ ಸುಲಭ. ಸರ್ಕಾರಿ ನೇಮಕಾತಿಯ ಪೂರ್ವಾಪರ ಪರಿಶೀಲನೆ ಅಭ್ಯರ್ಥಿಯದ್ದು, ಫಾರಂ ಕೇಳುವುದು ಅವನ ಮೇಲಿನ ಪ್ರಕರಣವನ್ನು. ಅಪ್ಪನ ಶಿಕ್ಷೆ ಮಗನ ಪಾಸ್‌ಪೋರ್ಟಿಗೂ ಅಡ್ಡಿಯಲ್ಲ. ಅಡ್ಡಿ ಬರುವುದಾದರೆ ನಿಮ್ಮ ಯಜಮಾನರ ಸ್ವಂತ ಪಾಸ್‌ಪೋರ್ಟಿಗೆ: ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾಗಿದ್ದರೆ, ಶಿಕ್ಷೆ ವಿಧಿಸಿದ ದಿನದಿಂದ ಐದು ವರ್ಷದೊಳಗೆ ಹಾಕಿದ ಅರ್ಜಿಯನ್ನು ನಿರಾಕರಿಸಬಹುದು. ಮತದಾನದ ಹಕ್ಕು ಬಿಡುಗಡೆಯಾದ ದಿನದಿಂದಲೇ ಇದೆ. ಪಟ್ಟಿಯಲ್ಲಿ ಹೆಸರು ಹೋಗಿದ್ದರೆ ನಮೂನೆ 6 ತುಂಬಿ ಬೂತ್ ಮಟ್ಟದ ಅಧಿಕಾರಿಗೆ ಕೊಡಿ.